ಮೊದಲ ಸರದಿಯ ಗೋಡೆಯಾಳು

ಮಾತು ಕೊಟ್ಟವನು ಅಪ್ಪ, ಇಸಿದುಕೊಂಡವಳು ಅಮ್ಮ. ನಾನಿನ್ನೂ ಹುಟ್ಟಿರಲಿಲ್ಲ. ಊರಿನ ಅಗ್ನಿಶಾಮಕ ಸ್ವಯಂಸೇವಕರ ಹಾಲ್‌ನಲ್ಲಿ, ಕರಿದ ಮೀನಿನ ತಟ್ಟೆ ಮುಂದಿಟ್ಟುಕೊಂಡು, ನಾಲ್ಕು ಜನರ ಎದುರಿಗೆ ಅಪ್ಪ ಹೇಳಿದನಂತೆ: "ನಮ್ಮ ತಂಡದವರು ಡ್ರಾಫ್ಟ್‌ನ ಮೊದಲ ಸರದೀಲಿ ಒಬ್ಬ ಗೋಡೆಯಾಳನ್ನ ಆರಿಸಿದ ವರ್ಷ, ಲೊರೇನ್, ಸೆಪ್ಟೆಂಬರಿಂದ ಕ್ರಿಸ್‌ಮಸ್‌ವರೆಗೂ ನಾನು ನಿನ್ನವನು. ಎಲ್ಲಿಗೆ ಕರೀತೀಯೋ ಅಲ್ಲಿಗೆ ಬರ್ತೀನಿ. ಕ್ರೀಡಾಂಗಣದ ಕಡೆ ತಲೆ ಹಾಕಿಯೂ ಮಲಗಲ್ಲ."

ಇಷ್ಟು ದೊಡ್ಡ ಮಾತು ಆಡಬೇಕಾಗಿ ಬಂದದ್ದು ಬರ್ನಿಸ್ ದೊಡ್ಡಮ್ಮನ ಮದುವೆಯಿಂದ. ಅಮ್ಮನಿಗೆ ಆಕೆಯೊಬ್ಬಳೇ ಅಕ್ಕ. ಫುಟ್‌ಬಾಲಿನ ಕಾಲವಾದ ಅಕ್ಟೋಬರ್ ತಿಂಗಳಲ್ಲಿ, ಅದೂ ಆಟವಿರುವ ಭಾನುವಾರ, ಮದುವೆ ಇಟ್ಟುಕೊಳ್ಳುವವರು ನಮ್ಮೂರಿನಲ್ಲಿ ಇಲ್ಲ. ಆದರೆ ಬರ್ನಿಸ್ ಅಷ್ಟು ಹೊತ್ತಿಗೆ ಅರಿಜೋನಾದವಳಾಗಿಬಿಟ್ಟಿದ್ದಳು. ಅಮ್ಮ ಒಬ್ಬಳೇ ಹೋಗಿಬಂದಳು. ಅಪ್ಪ ಆಟಕ್ಕೆ ಹೋದ. ನಮ್ಮ ತಂಡ ಹೀನಾಯವಾಗಿ ಸೋತಿತು. ಅಮ್ಮ ವಾಪಸ್ಸು ಬಂದ ಮೇಲೆ ಅಪ್ಪನಿಗೆ ಎರಡು ದುಃಖಗಳಾದವು.

ಗೋಡೆಯಾಳು ಎನ್ನುವುದು ಅಪ್ಪ ಕಟ್ಟಿದ ಪದ. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕಾಲಿಗಿಂತ ಕೈಯಲ್ಲಿ ಆಡುವುದೇ ಹೆಚ್ಚು. ಒಬ್ಬ ಎಸೆಯುತ್ತಾನೆ, ದೂರ ಓಡಿಹೋದವನು ಹಿಡಿಯುತ್ತಾನೆ, ಪತ್ರಿಕೆಯಲ್ಲಿ ಇಬ್ಬರ ಪಟವೂ ಬರುತ್ತದೆ. ಎಸೆಯುವವನ ಮೈಮೇಲೆ ಎದುರಾಳಿಗಳು ಬಂದು ಬೀಳದ ಹಾಗೆ ಅವನ ಮುಂದೆ ಐದು ಜನ ದಢೂತಿಗಳು ಸಾಲಾಗಿ ನಿಂತಿರುತ್ತಾರೆ. ಅವರ ಪಟ ಬರುವುದಿಲ್ಲ. ಅಪ್ಪನ ಪ್ರಕಾರ ಆಟ ಇರುವುದೇ ಆ ಐದು ಜನರಲ್ಲಿ. ಅಪ್ಪ, ಅಂದರೆ ಕ್ಯಾಸಿಮಿರ್ ವ್ರೋಬೆಲ್, ಉಕ್ಕಿನ ಕಾರ್ಖಾನೆಯ ಕುಲುಮೆಗಳ ಒಳಗೆ ಇಟ್ಟಿಗೆ ಕಟ್ಟುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಊರವರ ಮನೆಯ ಚಿಮಣಿಗಳನ್ನು ಕಟ್ಟಿದ.

ಏಪ್ರಿಲ್ ಕೊನೆಗೆ ಡ್ರಾಫ್ಟ್ ಬರುತ್ತದೆ. ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಪಾಳಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ; ಎಲ್ಲ ತಂಡಗಳದೂ ಒಮ್ಮೆ ಮುಗಿದರೆ ಒಂದು ಸರದಿ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮುಂಚಿನ ಪಾಳಿ. ಹೀಗಾಗಿ ನಮ್ಮ ತಂಡದ ಪಾಳಿ ಯಾವಾಗಲೂ ಮುಂಚೆಯೇ ಬರುತ್ತಿತ್ತು. ಪ್ರತಿ ವರ್ಷ ಅಪ್ಪ ಟಿವಿಗೆ ಗೋಡೆಯಾಳು ಬೇಕು ಎಂದು ಹೇಳುತ್ತಿದ್ದ. ಪ್ರತಿ ವರ್ಷ ಅವರು ಎಸೆಯುವವನನ್ನೋ ಹಿಡಿಯುವವನನ್ನೋ ಓಡುವವನನ್ನೋ ಆರಿಸುತ್ತಿದ್ದರು. "ಗೋಡೆ ಎತ್ತದೆ ಸೂರು ಹೊದಿಸ್ತಾರೆ. ಆಮೇಲೆ ಮಳೆ ಬಂತು ಅಂತ ಅಳ್ತಾರೆ" ಎನ್ನುತ್ತಿದ್ದ ಅಪ್ಪ. ಒಂದು ವರ್ಷ ಚೆಂಡು ಒದೆಯುವುದಕ್ಕೇ ಅಂತ ಇರುವವನನ್ನು ಮೊದಲ ಸರದಿಯಲ್ಲಿ ಆರಿಸಿದರು. ಆ ವಾರವೆಲ್ಲ ಅಪ್ಪ ಯಾರೊಂದಿಗೂ ಮಾತಾಡಲಿಲ್ಲ. ಅಮ್ಮ ಅದನ್ನು ಒಳ್ಳೆಯ ವಾರ ಎಂದೇ ನೆನೆಯುತ್ತಾಳೆ.

ಹಾಗಾಗಿ ಅಪ್ಪನ ಮಾತು, ಕೋಣ ಈದ ದಿನ ಊರಿಗೆಲ್ಲ ಗಿಣ್ಣು ಹಂಚುತ್ತೇನೆ ಎಂದ ಹಾಗೆ ಇತ್ತು. ಅದು ಅಮ್ಮನಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಒಂದು ವಾರ ಅಕ್ಕನ ಮನೆಗೆ ಒಬ್ಬಳೇ ಹೋಗಿಬರುತ್ತಿದ್ದಳು. ಅರಿಜೋನಾದ ಮರುಭೂಮಿಗೆ ಬೇಸಿಗೆಯಲ್ಲಿ ಬುದ್ಧಿ ಇರುವವರು ಹೋಗುವುದಿಲ್ಲ.

ಈ ವರ್ಷ ಜನವರಿಯಲ್ಲಿ ಎರಡು ಸಂಗತಿಗಳಾದವು. ತಂಡದ ಮಾಲೀಕರು ಹಳೆಯ ಮ್ಯಾನೇಜರನ್ನು ತೆಗೆದು ಹೊಸಬನನ್ನು ತಂದರು. ಆತ ಮೊದಲ ದಿನವೇ, "ನಾನು ಎಸೆಯುವವನ ಮುಂದೆ ನಿಲ್ಲುವ ಸಾಲಿನಿಂದಲೇ ತಂಡ ಕಟ್ಟುತ್ತೇನೆ" ಎಂದ. ಅದೇ ವಾರ ಬರ್ನಿಸ್ ದೊಡ್ಡಮ್ಮ ಫೋನ್ ಮಾಡಿ, ಎದುರಿಗೆ ನಿಂತವರ ಮುಖದ ನಡುಭಾಗ ತನಗೆ ಕಾಣುತ್ತಿಲ್ಲ, ಸುತ್ತಲಿನ ಕೂದಲು, ಕಿವಿ ಮಾತ್ರ ಕಾಣುತ್ತದೆ ಎಂದಳು. ಡಾಕ್ಟರು ಇದು ಹಿಗ್ಗುತ್ತಲೇ ಹೋಗುತ್ತದೆ ಎಂದಿದ್ದರು. ಆಕೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಿರುವುದು ಪೇಟೆಯಿಂದ ದೂರ. ಕಾರು ಓಡಿಸುವವರಿಲ್ಲ. ಅಮ್ಮ ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಚರ್ಚಿಗಿಂತ ಆಚೆ ಕಾರು ಓಡಿಸಿದವಳಲ್ಲ.

ಅಮ್ಮ ಅಪ್ಪನನ್ನು ಏನೂ ಕೇಳಲಿಲ್ಲ. ಪತ್ರಿಕೆಯ ಕ್ರೀಡಾಪುಟ ಓದುವುದಕ್ಕೆ ಶುರು ಮಾಡಿದಳು.

ನಾನು ಶಾಲೆಯ ಬಸ್ ಓಡಿಸುತ್ತೇನೆ. ಬೆಳಗಿನ ಸುತ್ತು ಮುಗಿಸಿ ಅಮ್ಮನ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಮನೆಗೆ ಹೋಗುವುದು ರೂಢಿ. ಮಾರ್ಚ್‌ನ ಒಂದು ಬೆಳಿಗ್ಗೆ ಹೋದಾಗ ಇಬ್ಬರೂ ಮೇಜಿನ ಎದುರುಬದುರು ಕೂತಿದ್ದರು. ಹಿಂದಿನ ದಿನ ತಂಡದ ಹಳೆಯ ಎಡಗಡೆಯ ಗೋಡೆಯಾಳು ಹೆಚ್ಚು ದುಡ್ಡು ಕೊಟ್ಟವರ ಕಡೆಗೆ ಹೋಗಿಬಿಟ್ಟಿದ್ದ.

"ಎಡಗಡೆ ಖಾಲಿ ಆಯ್ತು" ಎಂದಳು ಅಮ್ಮ, ಪತ್ರಿಕೆಯಿಂದ ಕಣ್ಣೆತ್ತದೆ.

"ಹೂಂ" ಎಂದ ಅಪ್ಪ.

"ಎಸೆಯೋನು ಬಲಗೈಯೋನು. ಎಡಗಡೆಯಿಂದ ಬರೋರು ಅವನಿಗೆ ಕಾಣಲ್ಲ. ಬೆನ್ನಿಗೆ ಬಂದು ಗುದ್ತಾರೆ."

"ಅದು ನಾನು ಹೇಳೋ ಮಾತು."

"ನಿನ್ನಿಂದಾನೇ ಕೇಳಿದ್ದು, ಕ್ಯಾಸ್. ಮೂವತ್ತು ವರ್ಷದಿಂದ ಕೇಳ್ತಾ ಇದ್ದೀನಿ. ಅಯೋವಾದಲ್ಲಿ ಒಬ್ಬ ಹುಡುಗ ಇದ್ದಾನಂತೆ. ಹಂದಿ ಸಾಕೋರ ಮನೆಯವನು. ಕೈ ಎಷ್ಟುದ್ದ ಇದೆ ಗೊತ್ತಾ?"

"ಕೈ ಉದ್ದ ಇದ್ರೆ ಆಗ್ಲಿಲ್ಲ. ಕಾಲು ಚುರುಕಾಗಿರ್ಬೇಕು."

"ಕಾಲೂ ಚುರುಕಂತೆ. ಹಂದಿ ಹಿಂದೆ ಓಡಿ ಓಡಿ."

ಅಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟ. "ಯಾಕೋ ಈ ವರ್ಷ ನಮಗೆ ಹಿಡಿಯೋನೊಬ್ಬ ಬೇಕು ಅನ್ಸುತ್ತೆ, ಲೊರೇನ್" ಎಂದ.

ನಾನು ಸಿಂಕಿನ ಹತ್ತಿರ ನಿಂತಿದ್ದೆ. ನಲ್ಲಿ ನಿಲ್ಲಿಸಿ ತಿರುಗಿ ನೋಡಿದೆ. ಪೋಪ್ ಬಂದು ಈ ವರ್ಷ ಶುಕ್ರವಾರ ಮಾಂಸ ತಿನ್ನೋಣ ಎಂದಿದ್ದರೆ ನನಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಅಮ್ಮ ಪುಟ ತಿರುಗಿಸಿದಳು, ಅಷ್ಟೇ.

ಅಪ್ಪ ಹೊರಗೆ ಹೋದ ಮೇಲೆ ನಾನು ಕೇಳಿದೆ, "ನೇರವಾಗಿ ಕೇಳಬಾರದಾ ಅಮ್ಮ? ಬರ್ನಿಸ್ ದೊಡ್ಡಮ್ಮನಿಗೆ ಹೀಗಾಗಿದೆ, ಬಾ ಅಂತ."

"ಕೇಳಿದ್ರೆ ಬರ್ತಾನೆ, ಪೌಲಾ. ಒಂದು ವಾರ ಬರ್ತಾನೆ. ಸೋಮವಾರ ಬಂದು ಶನಿವಾರ ಹೊರಡ್ತಾನೆ. ಆಮೇಲೆ ನಿನಗೋಸ್ಕರ ಬಂದೆ ಅಂತ ಸಾಯೋವರೆಗೂ ಹೇಳ್ತಾನೆ."

"ಒಂದು ವಾರ ಸಾಲಲ್ವಾ?"

"ಒಂದು ವಾರ ನೆಂಟರ ಲೆಕ್ಕ. ಅವಳು ನನಗೆ ಒಳ್ಳೆ ತಟ್ಟೆ ತೆಗೀತಾಳೆ, ಹಾಸಿಗೆ ಹಾಸ್ತಾಳೆ, ಕಣ್ಣು ಕಾಣ್ದೇ ಇದ್ರೂ. ನಾನು ಮನೆಯವಳಾಗೋಷ್ಟು ದಿನ ಇರ್ಬೇಕು. ಅವಳ ಜೊತೆ ಜಗಳ ಆಡೋಷ್ಟು ದಿನ. ಅಷ್ಟರೊಳಗೆ ನನ್ನ ಮುಖ ಅವಳಿಗೆ ಎಷ್ಟು ಕಾಣುತ್ತೋ ಅಷ್ಟು ಕಾಣಲಿ."

ಇಷ್ಟು ಹೇಳಿ ಅಯೋವಾದ ಹುಡುಗನ ಮಂಡಿಯ ಬಗ್ಗೆ ಬರೆದದ್ದನ್ನು ಓದತೊಡಗಿದಳು. ಹೋದ ವರ್ಷ ಒಮ್ಮೆ ಉಳುಕಿತ್ತಂತೆ. ಅಮ್ಮನಿಗೆ ಅದೇ ಯೋಚನೆ.

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಮಾಂಸ ಕೂಡದು, ಊರೆಲ್ಲ ಹಾಲ್‌ನಲ್ಲಿ ಮೀನು ತಿನ್ನುತ್ತದೆ. ಅಪ್ಪನ ಅಭಿಪ್ರಾಯಗಳು ಹೊರಬೀಳುವುದು ಅಲ್ಲಿಯೇ. ಅವನ ಎದುರು ಕುರ್ಚಿ ನಾರ್ಬರ್ಟ್‌ನದು. ನಾರ್ಬರ್ಟ್ ಅಂಚೆಯವನಾಗಿದ್ದು ನಿವೃತ್ತನಾದವನು, ಅಪ್ಪನ ಜೊತೆ ಕ್ರೀಡಾಂಗಣದಲ್ಲಿ ಪಕ್ಕದ ಸೀಟಿನವನು, ಅಪ್ಪ ಹೇಳಿದ್ದನ್ನು ಒಪ್ಪದೇ ಇರುವುದಕ್ಕಾಗಿಯೇ ದೇವರು ಸೃಷ್ಟಿಸಿದವನು. ಆ ಶುಕ್ರವಾರ ಅಪ್ಪ ತಟ್ಟೆಯ ಅಂಚಿಗೆ ನಿಂಬೆಹಣ್ಣು ಹಿಂಡುತ್ತಾ, "ಹಿಡಿಯೋನೊಬ್ಬ ಬೇಕು ಕಣೋ ನಮಗೆ" ಎಂದ.

ನಾರ್ಬರ್ಟ್ ಫೋರ್ಕ್ ಕೆಳಗಿಟ್ಟ. "ಕ್ಯಾಸ್, ಮೈ ಹುಷಾರಿದೆ ತಾನೆ?"

"ಚೆನ್ನಾಗಿದ್ದೀನಿ."

"ಎದೆ ಗಿದೆ ನೋಯ್ತಾ ಇದೆಯಾ? ಎಡಗೈ ಜೋಮು ಹಿಡಿದಿದೆಯಾ? ಇಲ್ಲೇ ಆಂಬುಲೆನ್ಸ್ ಇದೆ, ಸಂಕೋಚ ಪಡ್ಬೇಡ."

"ಕಾಲ ಬದಲಾಗಿದೆ ಕಣೋ. ಈಗಿನ ಆಟ ಎಲ್ಲ ವೇಗ. ಎಸೆಯೋನು ತಕ್ಷಣ ಎಸೆದುಬಿಟ್ರೆ ಗೋಡೆ ಯಾಕೆ?"

"ಗೋಡೆ ಯಾಕೆ!" ನಾರ್ಬರ್ಟ್ ಸುತ್ತಲಿನ ಮೇಜುಗಳಿಗೆ ಕೇಳಿಸುವಂತೆ ಹೇಳಿದ. "ಕೇಳಿದ್ರೇನ್ರಪ್ಪಾ? ಕ್ಯಾಸ್ ವ್ರೋಬೆಲ್ ಗೋಡೆ ಯಾಕೆ ಅಂತಿದ್ದಾನೆ. ನನ್ನ ಮನೆ ಚಿಮಣಿ ಇವನೇ ಕಟ್ಟಿದ್ದು. ನಾನಿವತ್ತು ಹೊರಗೆ ಮಲಗ್ತೀನಿ."

ಅಮ್ಮ ಪಕ್ಕದಲ್ಲೇ ಇದ್ದಳು. ಮೀನಿನ ಮುಳ್ಳು ಬಿಡಿಸುತ್ತಾ, "ತಕ್ಷಣ ಎಸೆಯೋಕೆ ಹಿಡಿಯೋನು ಅಷ್ಟರಲ್ಲಿ ಎಲ್ಲಿಗೆ ಓಡಿರ್ತಾನೆ? ಮೂರು ಹೆಜ್ಜೆಗೆ. ಮೂರು ಹೆಜ್ಜೆ ಆಟ ನೋಡೋಕಾ ನೀನು ಹಿಮದಲ್ಲಿ ಕೂರೋದು?" ಎಂದಳು.

ಅಪ್ಪ ಇನ್ನೊಂದು ನಿಂಬೆಹೋಳು ಎತ್ತಿಕೊಂಡ. ಆ ವಾದವನ್ನು ಕಟ್ಟಿದವನೇ ಅವನು. ನಾರ್ಬರ್ಟ್ ಅಮ್ಮನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಮಾತು ಕೊಟ್ಟ ದಿನ ಎದುರಿಗಿದ್ದ ನಾಲ್ವರಲ್ಲಿ ಅವನೂ ಒಬ್ಬ. "ಓಹೋ" ಎಂದ. ಮತ್ತೆ ಫೋರ್ಕ್ ಎತ್ತಿಕೊಂಡ. ಅವತ್ತು ಅವನು ಎರಡನೆಯ ತಟ್ಟೆ ಮೀನು ತಿಂದ.

ಡ್ರಾಫ್ಟ್‌ನ ಸಂಜೆ ಹಾಲ್‌ನಲ್ಲಿ ಮಾಂಸದ ಲಾಟರಿ ಇರುತ್ತದೆ. ಹೊಸ ಪಂಪಿಗೋ ಬೂಟಿಗೋ ದುಡ್ಡು ಸೇರಿಸಲು ಬೇಕನ್, ಸಾಸೇಜ್, ಕೋಳಿ ಹೀಗೆ ಒಂದೊಂದೇ, ಚಕ್ರ ತಿರುಗಿಸಿದಾಗ ಯಾರ ಚೀಟಿಯ ಅಂಕೆ ಬಂತೋ ಅವರಿಗೆ ಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ಬಹುಮಾನ ಹೊಗೆ ಹಾಕಿದ ಹಂದಿತೊಡೆ. ಅದು ಲಾಟರಿಗೆ ಬರುವುದಿಲ್ಲ. ನಮ್ಮ ತಂಡ ಮೊದಲ ಸರದಿಯಲ್ಲಿ ಯಾವ ಜಾಗದ ಆಟಗಾರನನ್ನು ಆರಿಸುತ್ತದೆಂದು ಕಪ್ಪುಹಲಗೆಯ ಮೇಲೆ ಎಲ್ಲರೆದುರು ಬರೆದು, ಸರಿಯಾಗಿ ಹೇಳಿದವರಿಗೆ ಅದು. ಅಪ್ಪ ಪ್ರತಿ ವರ್ಷ ಗೋಡೆ ಎಂದು ಬರೆಯುತ್ತಿದ್ದ. ಒಂದು ವರ್ಷವೂ ತೊಡೆ ಮನೆಗೆ ಬಂದದ್ದಿಲ್ಲ.

ಈ ಸಲ ಸೀಮೆಸುಣ್ಣ ಹಿಡಿದು ಅಪ್ಪ 'ಹಿಡಿಯುವವನು' ಎಂದು ಬರೆದ. ಹಾಲ್ ಪೂರ್ತಿ ಶಿಳ್ಳೆ. ಅವನ ಹಿಂದೆಯೇ ಅಮ್ಮ ಕೋಲೂರಿಕೊಂಡು ಹೋಗಿ 'ಗೋಡೆ' ಎಂದು ಬರೆದಳು. ಮಿಕ್ಕ ಯಾರೂ ಅದನ್ನು ಬರೆದಿರಲಿಲ್ಲ, ಹೆಚ್ಚಿನವರು ಎಸೆಯುವವನು ಎಂದು ಬರೆದಿದ್ದರು. ಪತ್ರಿಕೆಗಳೆಲ್ಲ ಗೋಡೆಯಾಳು ಎಂದು ಹೇಳುತ್ತಿದ್ದರೂ ನಮ್ಮೂರಿನವರು ನಮ್ಮ ತಂಡದ ಮೇಲೆ ಅಷ್ಟು ಭರವಸೆ ಇಡುವುದಿಲ್ಲ. ನಾರ್ಬರ್ಟ್ ಒದೆಯುವವನು ಎಂದು ಬರೆದ, ಅಪ್ಪನನ್ನು ಕೆಣಕುವುದಕ್ಕೆ.

ಮೊದಲ ಸರದಿಯಲ್ಲಿ ನಮ್ಮ ಪಾಳಿ ಆರನೆಯದು. ನಾಲ್ಕನೆಯದು ಮುಗಿದಾಗಲೂ ಅಯೋವಾದ ಹುಡುಗ ಉಳಿದಿದ್ದ. ಅಮ್ಮ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಐದನೆಯ ಪಾಳಿಯವರು ಅಯೋವಾದ ಹುಡುಗನನ್ನು ತೆಗೆದುಕೊಂಡುಬಿಟ್ಟರು.

ಅಪ್ಪ ಉಸಿರು ಬಿಟ್ಟದ್ದು ನನಗೆ ಎರಡು ಕುರ್ಚಿ ಆಚೆಗೆ ಕೇಳಿಸಿತು. ಮೊದಲ ಸರದಿಗೆ ತಕ್ಕ ಇನ್ನೊಬ್ಬ ಗೋಡೆಯಾಳು ಈ ವರ್ಷ ಇರಲಿಲ್ಲ. ಅದು ಹಾಲ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಬ್ಬರಿಗೆ ಗೊತ್ತಿತ್ತು.

ಆಮೇಲೆ ಟಿವಿಯಲ್ಲಿ ಸುದ್ದಿ ಬಂತು. ನಮ್ಮ ತಂಡ ಯಾರನ್ನೂ ಆರಿಸಲಿಲ್ಲ. ಆರನೆಯ ಪಾಳಿಯನ್ನೇ ಪಶ್ಚಿಮದ ಒಂದು ತಂಡಕ್ಕೆ ಬಿಟ್ಟುಕೊಟ್ಟು, ಅವರ ಕಡೆಯ ಟಾಫುನಾ ಎಂಬ ಆಟಗಾರನನ್ನು ಇಸಿದುಕೊಂಡಿತ್ತು. ಟಾಫುನಾ ಏಳು ವರ್ಷದಿಂದ ಎಡಗಡೆ ನಿಂತು ಆಡಿದ ಗೋಡೆಯಾಳು.

ಹಾಲ್‌ನಲ್ಲಿ ಯಾರಿಗೂ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಹಂದಿತೊಡೆ ಯಾರಿಗೂ ಇಲ್ಲ ಎಂದರು ಕೆಲವರು. ಅಮ್ಮ ಎದ್ದು ಕೋಟಿಗೆ ಕೈ ಹಾಕಿದಳು. ಅಪ್ಪ ಕೋಟು ಹಿಡಿದು ಸಹಾಯ ಮಾಡಿದ. ಬಹಳ ಮೃದುವಾಗಿ ಹಿಡಿದಿದ್ದ. ಗೆದ್ದವರು ಹಾಗೆಯೇ ಹಿಡಿಯುವುದು.

ಆಗ ನಾರ್ಬರ್ಟ್ ಕುರ್ಚಿಗೆ ಒರಗಿ ಹೇಳಿದ: "ಆಯ್ತಪ್ಪಾ, ಈ ವರ್ಷವೂ ಬರಿಗೈ. ಮೊದಲನೇ ಸರದಿ ನೀರಿಗೆ ಹೋಯ್ತು."

ಅಪ್ಪ ಕೋಟಿನ ತೋಳು ಸರಿ ಮಾಡಿದ.

"ಹುಡುಗನ್ನ ಆರಿಸೋ ಕಡೆ ಮುದುಕನ್ನ ತಂದಿದ್ದಾರೆ."

ಅಪ್ಪ ತನ್ನ ಟೋಪಿ ಹುಡುಕಿದ.

"ಇದಕ್ಕೆ ಗೋಡೆ ಕಟ್ಟೋದು ಅಂತಾರಾ? ಹಳೇ ಮನೆ ಬಾಗಿಲು ಕಿತ್ತು ತಂದು ಒರಗಿಸಿದ ಹಾಗಾಯ್ತು. ಆ ಮ್ಯಾನೇಜರಿಗೆ ಗೋಡೆ ಅಂದ್ರೇನು ಅಂತಾನೇ ಗೊತ್ತಿಲ್ಲ."

ಟೋಪಿ ಅಪ್ಪನ ಕೈಯಲ್ಲೇ ಇತ್ತು. ತಲೆಯ ಮೇಲೆ ಇಟ್ಟುಕೊಂಡು ಹೊರಟಿದ್ದರೆ ಮುಗಿಯುತ್ತಿತ್ತು. ಬಾಗಿಲು ಹತ್ತೇ ಹೆಜ್ಜೆ. ಅಪ್ಪ ಎರಡು ಹೆಜ್ಜೆ ಹೋದ, ನಿಂತ, ತಿರುಗಿ ಬಂದ.

"ಮುದುಕ ಯಾರೋ? ಮೂವತ್ತೊಂದಕ್ಕೆ ಗೋಡೆಯಾಳು ಮುದುಕನಾ? ಓಡೋನು ಮುದುಕ ಆಗ್ತಾನೆ, ಹಿಡಿಯೋನು ಆಗ್ತಾನೆ. ಗೋಡೆಯಾಳು ಮೂವತ್ತಕ್ಕೆ ಬಲೀತಾನೆ. ಹೊಸ ಇಟ್ಟಿಗೆ ಕುಲುಮೇಲಿ ಇಟ್ರೆ ಮೊದಲ ಬಿಸಿಗೆ ಬಿರೀಬಹುದು. ಒಮ್ಮೆ ಬೆಂದು ನಿಂತಿದ್ದು ನಿಂತ ಹಾಗೇ. ಡ್ರಾಫ್ಟ್ ಹುಡುಗ ಅಂದ್ರೆ ಊಹೆ. ಟಾಫುನಾ ಊಹೆ ಅಲ್ಲ."

"ಆದ್ರೂ ಆರಿಸಲಿಲ್ವಲ್ಲ" ಎಂದ ನಾರ್ಬರ್ಟ್.

"ಆರಿಸಲಿಲ್ಲ ಅಂದ್ರೆ? ಆ ಪಾಳಿ ಕೊಟ್ಟೇ ತಾನೆ ತಂದದ್ದು? ಬೇರೆ ಏನು ಕೊಟ್ರು? ಏನೂ ಇಲ್ಲ! ಅದರಲ್ಲಿ ಎಸೆಯೋನನ್ನ ತಗೋಬಹುದಿತ್ತು, ಓಡೋನನ್ನ ತಗೋಬಹುದಿತ್ತು. ಎಲ್ಲಾ ಬಿಟ್ಟು ಇವನನ್ನ ತಗೊಂಡ್ರು. ಆರಿಸೋದು ಅಂದ್ರೆ ಅದೇ ಕಣೋ. ನಾನು ಹುಟ್ಟಿದಾಗಿಂದ ಈ ತಂಡ ನೋಡ್ತಾ ಇದ್ದೀನಿ, ಮೊದಲನೇ ಸರದೀಲಿ ಇವರು ಆರಿಸಿದ ಮೊಟ್ಟಮೊದಲ ಗೋ..."

ಅಪ್ಪ ನಿಲ್ಲಿಸಿದ. ಮೇಜಿನ ಮೇಲೆ ಯಾರೋ ಅರ್ಧ ಕುಡಿದಿಟ್ಟ ಬಿಯರ್ ನೋಡಿದ. ಮಾಂಸದ ಲಾಟರಿಯ ಚಕ್ರ ತಿರುಗಿಸುತ್ತಿದ್ದವನೂ ಕೈ ತಡೆದು ನಿಂತಿದ್ದ.

"ಮೊಟ್ಟಮೊದಲ ಏನು?" ಎಂದಳು ಅಮ್ಮ.

"ಏನಿಲ್ಲ."

"ನಾರ್ಬರ್ಟ್‌ಗೆ ಕೇಳಿಸಲಿಲ್ಲ."

"ನನಗೆ ಕೇಳಿಸ್ತು, ಲೊರೇನ್" ಎಂದ ನಾರ್ಬರ್ಟ್.

"ನಿನಗೆ ಕೇಳಿಸಲಿಲ್ಲ, ನಾರ್ಬರ್ಟ್."

"ಇಲ್ಲ ಇಲ್ಲ, ಕೇಳಿಸಲಿಲ್ಲ. ವಯಸ್ಸಾಯ್ತು ನೋಡು."

ಅಪ್ಪ ಸುಳ್ಳು ಹೇಳುತ್ತಾನೆ. ಡಾಕ್ಟರಿಗೆ ಹೇಳುತ್ತಾನೆ, ಪಾದ್ರಿಗೂ ಹೇಳುತ್ತಾನೆ. ಫುಟ್‌ಬಾಲಿನ ಬಗ್ಗೆ ಮಾತ್ರ ಆ ಮಾರ್ಚ್‌ನವರೆಗೂ ಹೇಳಿದವನಲ್ಲ, ಮಾರ್ಚ್‌ನಿಂದೀಚೆಗೆ ಹೇಳಿ ಹೇಳಿ ಸಣ್ಣಗಾಗಿದ್ದ. "ಗೋಡೆಯಾಳು" ಎಂದ. "ಮೊದಲ ಸರದೀಲಿ ಗೋಡೆಯಾಳನ್ನ ಆರಿಸಿದ್ದಾರೆ. ಒಳ್ಳೆಯವನನ್ನೇ ಆರಿಸಿದ್ದಾರೆ. ಆ ತೊಡೆ ಲೊರೇನ್‌ಗೆ ಕೊಡ್ರಪ್ಪಾ."

ಕೊಟ್ಟರು. ಕಾರಿನವರೆಗೆ ಅದನ್ನು ಹೊತ್ತವನು ಅಪ್ಪ. ದಾರಿಯಲ್ಲಿ ಅಮ್ಮ, "ಬಲಗಡೆಯವನಿಗೂ ಒಬ್ಬ ಬದಲಿ ಬೇಕಿತ್ತು" ಎಂದಳು. ಅಪ್ಪ, "ಅದು ಎರಡನೇ ಸರದೀಲಿ ನೋಡ್ಕೋತಾರೆ" ಎಂದ. ಮನೆ ಬರುವ ತನಕ ಅದನ್ನೇ ಮಾತಾಡಿದರು.

ಹಾಗೆಂದು ಅಪ್ಪ ಅಷ್ಟಕ್ಕೇ ಸುಮ್ಮನಾದವನಲ್ಲ. ಆಗಸ್ಟ್‌ನಲ್ಲಿ ತಂಡದ ಅಭ್ಯಾಸ ಶುರುವಾದಾಗ ಟಾಫುನಾನ ಪಾದ ಊದಿಕೊಂಡಿದೆಯೆಂದು ಸುದ್ದಿ ಬಂತು. ಅಪ್ಪ ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸುತ್ತಾ, "ಅವನು ಆಡದೇ ಹೋದ್ರೆ ಅದು ಆರಿಸಿದ ಲೆಕ್ಕಕ್ಕೆ ಬರುತ್ತಾ ಅಂತ" ಎಂದ. ಅಮ್ಮ ಅಷ್ಟರಲ್ಲಿ ಪೆಟ್ಟಿಗೆಗೆ ಅವನ ತೆಳು ಅಂಗಿಗಳನ್ನು ಹಾಕುತ್ತಿದ್ದಳು. "ಅರಿಜೋನಾದಲ್ಲಿ ಈ ಉಣ್ಣೆಯದು ಬೇಡ" ಎಂದಳು. ಟಾಫುನಾನ ಪಾದ ವಾರದಲ್ಲಿ ಇಳಿಯಿತು.

ಋತುವಿನ ಮೊದಲ ಆಟಕ್ಕೆ ಎರಡು ದಿನ ಮುಂಚೆ ನಾನೇ ಅವರಿಬ್ಬರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ಅಪ್ಪನ ಸೀಟಿನಲ್ಲಿ ನಾರ್ಬರ್ಟ್‌ನ ಅಳಿಯ ಕೂತ. ಎಡಗಡೆ ಗೋಡೆ ಎದ್ದು ನಿಂತಿತು. ಎಸೆಯುವವನು ಕೆಳಗೆ ಬೀಳುವುದನ್ನೇ ಮರೆತ. ಹಾಲ್‌ನವರು ಇಂಥ ಸಾಲನ್ನು ತಾವು ಕಂಡೇ ಇಲ್ಲ ಎಂದರು. ನಾರ್ಬರ್ಟ್ ಪ್ರತಿ ಸೋಮವಾರ ಅರಿಜೋನಾಕ್ಕೆ ಫೋನ್ ಮಾಡಿ ಒಂದೊಂದು ಆಟವನ್ನೂ ಬಿಡಿಸಿ ಹೇಳುತ್ತಿದ್ದ, ಪ್ರೀತಿಯಿಂದಲೋ ದ್ವೇಷದಿಂದಲೋ ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು ಅಪ್ಪ, "ಬಲಗಡೆ ಸಡಿಲ ಇದೆ" ಎನ್ನುತ್ತಿದ್ದನಂತೆ.

ನಮ್ಮಲ್ಲಿ ಮಧ್ಯಾಹ್ನ ಒಂದಕ್ಕೆ ಆಟ ಶುರುವಾದರೆ ಅಲ್ಲಿ ಬೆಳಿಗ್ಗೆ ಹತ್ತು. ಬರ್ನಿಸ್ ದೊಡ್ಡಮ್ಮನ ಚರ್ಚಿನ ಪೂಜೆಯೂ ಹತ್ತಕ್ಕೇ. ಅಪ್ಪ ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ, ದೊಡ್ಡಮ್ಮನಿಗೆ ಮೆಟ್ಟಿಲು ಕಾಣದ ಕಾರಣ ಮೊಣಕೈ ಹಿಡಿದು ಒಳಗೆ ಕರೆದೊಯ್ದು, ಪಕ್ಕದಲ್ಲಿ ಕೂರುತ್ತಿದ್ದ. ಕಾರಿನ ರೇಡಿಯೋ ಹಾಕಲಿಲ್ಲ. ನವೆಂಬರ್ ಹೊತ್ತಿಗೆ ಅಕ್ಕತಂಗಿಯರು ಸಾರಿಗೆ ಉಪ್ಪು ಹಾಕುವ ವಿಷಯಕ್ಕೆ ಜಗಳವಾಡಿ ಒಂದು ದಿನ ಮಾತು ಬಿಟ್ಟರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ವಾಪಸ್ಸು ಬಂದರು. ಅಪ್ಪ ಕೊಟ್ಟ ಮಾತು ಉಳಿಸಿಕೊಂಡ.